ಹಲಸಿನಂತೆ ತಟ್ಟಿ ತಂದ ಗಿಟಾರು

"ಗಿಟಾರು ತಾನೇ? ನಾನು ಆರಿಸಿಕೊಡ್ತೀನಿ ಬಿಡು!"

ಹೀಗೆ ಘೋಷಿಸಿದಾಗ ನನ್ನ ಕೈಯಲ್ಲಿ ಸೌಟಿತ್ತು. ನಾನು ಸೌಟು ಹಿಡಿದು ಆಡಿದ ಮಾತಿಗೆ ನಮ್ಮ ಮನೆಯಲ್ಲಿ ಮೇಲ್ಮನವಿ ಇಲ್ಲ. ಮಗ ರತ್ನಾಕರ ಇಡ್ಲಿಯ ಮೇಲೆ ಬಾಗಿ ನಗು ಅಡಗಿಸಿಕೊಂಡ. ಮೊಮ್ಮಗಳು ಸಮೀಕ್ಷಾ ಮಾತ್ರ ಕಣ್ಣರಳಿಸಿ ನನ್ನನ್ನೇ ನೋಡಿದಳು.

"ಅಜ್ಜೀ, ನಿಂಗೆ ಗಿಟಾರ್ ಬಗ್ಗೆ ಏನ್ ಗೊತ್ತು?"

"ಏನೂ ಗೊತ್ತಿಲ್ಲ. ಆದ್ರೆ ಹೊಟ್ಟೆಯಿರೋ ಯಾವ ವಸ್ತುವನ್ನಾದ್ರೂ ತಟ್ಟಿ ಒಳಗೇನೈತೆ ಅಂತ ಹೇಳಬಲ್ಲೆ."

ಇದು ಜಂಬವಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ಆದರೆ ದೊಡ್ಡಬಳ್ಳಾಪುರದ ಹತ್ತಿರ, ತೂಬಗೆರೆ ರಸ್ತೆಯ ಬದಿಯಲ್ಲಿ ಮೂವತ್ತೊಂದು ವರ್ಷ ಹಲಸು ಮಾರಿದವಳು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದರೆ ಸಾಕು. ಕಾಯಿಯಾದರೆ 'ಟಣ್' ಅನ್ನುತ್ತದೆ. ಹಣ್ಣಾದರೆ 'ಬೊಂ' ಅನ್ನುತ್ತದೆ, ಆಮೇಲೆ ಒಳಗೊಳಗೇ ಸ್ವಲ್ಪ ಹೊತ್ತು ಗುಂಯ್‌ಗುಡುತ್ತದೆ. ಇಂದು ಕೊಯ್ಯಬೇಕೋ ನಾಡಿದ್ದು ಕೊಯ್ಯಬೇಕೋ, ಎಲ್ಲ ಆ ಗುಂಯ್‌ನಲ್ಲೇ ತಿಳಿಯುತ್ತದೆ. ನಮ್ಮ ಯಜಮಾನರು ರಾಮಚಂದ್ರಪ್ಪ ಇದ್ದಾಗ ಹೇಳುತ್ತಿದ್ದರು: "ಚಂದ್ರೀ, ನಿನ್ನ ಪಕ್ಕ ಕೂರೋಕೆ ಬೋಳುತಲೆಯೋರಿಗೆಲ್ಲ ಭಯ ಕಣೇ!" ಪಾಪ, ಅವರ ತಲೆಯೂ ಬೋಳೇ. ಅವರು ಹೋಗಿ ಹನ್ನೊಂದು ವರ್ಷವಾಯಿತು. ಅಂದಿನಿಂದ ನಾನು ಕೊಚ್ಚಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಅವನಿಗೆ ವಲ್ಲಾರ್ಪಾಡಂ ಬಂದರಿನಲ್ಲಿ ಕೆಲಸ. ಮನೆ ಮಟ್ಟಾಂಚೇರಿಯ ಒಂದು ಶುಂಠಿ ಗೋದಾಮಿನ ಮಹಡಿಯ ಮೇಲೆ. ನಾವು ಕುಡಿಯುವ ನೀರಿಗೂ ಸ್ವಲ್ಪ ಶುಂಠಿಯ ವಾಸನೆ!

ಇನ್ನು ಗಿಟಾರಿನ ಕಥೆ. ಸಮೀಕ್ಷಾ ತಿರುವನಂತಪುರದಲ್ಲಿ ಕಾಲೇಜು ಓದುವಾಗ ಒಂದು ಕಾಫಿ ಅಂಗಡಿಯಲ್ಲಿ 'ಓಪನ್ ಮೈಕ್' ಇತ್ತಂತೆ. ಹಾಗಂದರೇನು ಎಂದು ನಾನೂ ಕೇಳಿದ್ದೆ. ಯಾರು ಬೇಕಾದರೂ ಹೆಸರು ಬರೆಸಬಹುದು, ಹತ್ತು ನಿಮಿಷ ಹಾಡಬಹುದು, ಮಾತಾಡಬಹುದು, ಕೂತವರು ಕೇಳುತ್ತಾರೆ. ನಮ್ಮೂರ ಸಾರಾಯಿ ಅಂಗಡಿ ಮುಂದೆ ದಿನಾ ಇದೇ ನಡೆಯುತ್ತಿತ್ತು. ಮೈಕ್ ಇರಲಿಲ್ಲ, ಅಷ್ಟೇ!

ಇವಳು ಯಾರದೋ ಗಿಟಾರು ಎರವಲು ತಂದು, ತಾನೇ ಕಟ್ಟಿದ ಹಾಡು ಹಾಡಲು ನಿಂತಳು. ಆ ಗಿಟಾರಿಗೆ ವೈರ್ ಸಿಕ್ಕಿಸುವ ತೂತೇ ಇರಲಿಲ್ಲ. ಇದ್ದ ಒಂದೇ ಮೈಕನ್ನು ಬಾಯಿಗೆ ಹಿಡಿದರೆ ಗಿಟಾರು ಕೇಳದು, ಗಿಟಾರಿಗೆ ಹಿಡಿದರೆ ಹಾಡು ಕೇಳದು. ಮೈಕು ಮೇಲೆ ಕೆಳಗೆ ಓಡಾಡಿತು. ಹಿಂದಿನ ಸಾಲಿನಿಂದ ಯಾರೋ "ಕೇಳ್ಕುನ್ನಿಲ್ಲ!" ಅಂದರು. ಕೇಳಿಸುತ್ತಿಲ್ಲ ಅಂತ. ಎಲ್ಲರೂ ನಕ್ಕರು. ಹುಡುಗಿ ಅರ್ಧ ಹಾಡಿಗೇ ಇಳಿದು ಬಂದಳು. ಆಮೇಲೆ ಎರಡು ವರ್ಷ ಸ್ನಾನದ ಮನೆಯಲ್ಲೂ ಹಾಡಲಿಲ್ಲ. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಸೂತಕ ಇನ್ನೊಂದಿಲ್ಲ.

ಈಗ ಕೆಲಸಕ್ಕೆ ಸೇರಿದ್ದಾಳೆ. ನಮ್ಮ ಬೀದಿಯ ತುದಿಯಲ್ಲೇ, ಹಳೆಯ ಮೆಣಸಿನ ಗೋದಾಮನ್ನು ಕಾಫಿ ಅಂಗಡಿ ಮಾಡಿದ್ದಾರಲ್ಲ, ಅಲ್ಲಿ ಓಪನ್ ಮೈಕಿಗೆ ಹೆಸರು ಬರೆಸಿ ಬಂದಳು. "ಇದೇ ಕೊನೆ, ಅಜ್ಜಿ. ಈ ಸಲವೂ ಕೇಳಿಸ್ಲಿಲ್ಲ ಅಂದ್ರೆ ಇನ್ನು ಹಾಡೋದೇ ಇಲ್ಲ," ಅಂದಳು. ಅದಕ್ಕೇ ನಾನು ಸೌಟು ಹಿಡಿದು ಎದ್ದು ನಿಂತದ್ದು!

ಗಿಟಾರಿನ ಅಂಗಡಿ ಇಸ್ಮಾಯಿಲನದು. ಕಾಸರಗೋಡಿನವನು, ಕನ್ನಡ ಬಲ್ಲವನು. ಗೋಡೆ ತುಂಬ ಗಿಟಾರುಗಳು ನೇತಾಡುತ್ತಿದ್ದವು. ನನ್ನ ಕಣ್ಣಿಗೆ ಅದು ಹಲಸಿನ ತೋಪೇ! ಬುಡದಿಂದ ತುದಿಯವರೆಗೂ ಫಲ! ನಾನು ಒಂದೊಂದರ ತೂತಿನಲ್ಲೂ ಕಣ್ಣಿಟ್ಟು ಇಣುಕಿದೆ. ಒಳಗೆ ಒಂದು ಚೀಟಿ, ಸ್ವಲ್ಪ ಧೂಳು, ಮಿಕ್ಕಂತೆ ಖಾಲಿ. ಇಷ್ಟು ಖಾಲಿ ವಸ್ತುವಿಗೆ ಇಷ್ಟು ಬೆಲೆಯೇ?

"ಅಮ್ಮ, ನಿಮ್ಮ ಮೂಗು ತಂತಿಗೆ ಸಿಕ್ಕೀತು," ಅಂದ ಇಸ್ಮಾಯಿಲ.

"ಇದೇನಪ್ಪಾ ಪಕ್ಕೆಯಲ್ಲಿ ಪೆಟ್ಟಿಗೆ? ಗುಂಡಿ ಬೇರೆ ಅವೆ."

"ಅದರಲ್ಲಿ ಬ್ಯಾಟರಿ ಉಂಟು."

"ಮರಕ್ಕೆ ಯಾಕಪ್ಪಾ ಬ್ಯಾಟರಿ?"

"ಹಾಗಲ್ಲ ಅಮ್ಮ. ತಂತಿ ಕೂತ್ಕೊಳ್ಳುವ ಈ ಬಿಳಿ ಕಡ್ಡಿಯ ಅಡಿಯಲ್ಲಿ ಸಪೂರದ ಒಂದು ಪಟ್ಟಿ ಉಂಟು. ತಂತಿ ನಡುಗಿದ್ದು ಅದಕ್ಕೆ ಗೊತ್ತಾಗ್ತದೆ. ಅದು ಈ ಪೆಟ್ಟಿಗೆಗೆ ಹೇಳ್ತದೆ. ಪೆಟ್ಟಿಗೆ ವೈರಿನಲ್ಲಿ ಸ್ಪೀಕರಿಗೆ ಹೇಳ್ತದೆ."

"ಅಂದ್ರೆ ಚಾಡಿ ಹೇಳೋ ಪಟ್ಟಿ!"

"ಹಾಗೇ ಅನ್ನಿ. ಚಾಡಿ ಚಂದ ಹೇಳಿದ್ರೆ ಗಿಟಾರು ಒಳ್ಳೇದು," ಎಂದು ನಕ್ಕು, ಅವನು ಗೋಡೆಯಿಂದ ತೆಳ್ಳಗಿನದೊಂದನ್ನು ಇಳಿಸಿದ. ಹೊಟ್ಟೆ ಬೆನ್ನಿಗೆ ಅಂಟಿತ್ತು. ಹೆಗಲ ಹತ್ತಿರ ಯಾರೋ ಕಚ್ಚಿ ತಿಂದಂತೆ ಒಂದು ಕಡೆ ಬಾಗು. ಅಂಚಿನಲ್ಲಿ ಒಂದು ಗೀರು ಬೇರೆ. "ಸ್ಟೇಜಿಗೆ ಇದೇ ಆಗ್ಬೇಕು. ಪ್ಲೈವುಡ್ಡು. ಕೊಚ್ಚಿಯ ತೇವಕ್ಕೆ ಬಾಗುವುದಿಲ್ಲ. ರೇಟೂ ಕಡಿಮೆ."

ನಾನು ತಟ್ಟಿದೆ. ಟಣ್!

"ಎಳೆಗಾಯಿ," ಎಂದು ತೀರ್ಪು ಕೊಟ್ಟೆ. "ಇದನ್ನ ಹಸುವೂ ಮುಟ್ಟಲ್ಲ."

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಾನು ಸೆರಗು ಸಿಕ್ಕಿಸಿ ಕೆಲಸಕ್ಕಿಳಿದೆ. ಒಂದು ತುದಿಯಿಂದ ಇನ್ನೊಂದು ತುದಿಗೆ ತಟ್ಟುತ್ತಾ ಹೋದೆ. ಟಣ್. ಟಣ್. ಟೊಪ್. ಟಣ್. ಹದಿನೇಳನೆಯದು... ಬೊಂ! ಆಹಾ! ಅದಾದ ಮೇಲೆ ಗುಂಯ್ ಅಂತ ನನ್ನ ಬಳೆಯವರೆಗೂ ಬಂತು. ಬಸುರಿಯ ಹಾಗೆ ತುಂಬಿದ ಹೊಟ್ಟೆ, ಜೇನಿನ ಬಣ್ಣ, ಇಡೀ ಮರ! ನನ್ನ ಕಣ್ಣಲ್ಲಿ ನೀರೇ ಬಂತು.

"ಇದು! ಇವತ್ತೇ ಕೊಯ್ಯಬೇಕಾದ ಹಣ್ಣು!"

ಇಸ್ಮಾಯಿಲ ತಲೆ ಕೆರೆದುಕೊಂಡ. "ಅಮ್ಮ, ಮನೆಯಲ್ಲಿ ಕೂತು ಬಾರಿಸ್ಲಿಕ್ಕೆ ಇದು ಫಸ್ಟ್ ಕ್ಲಾಸ್. ಸ್ಟೇಜಿನಲ್ಲಿ ಸ್ಪೀಕರ್ ಪಕ್ಕದಲ್ಲೇ ಇರ್ತದೆ. ಸ್ಪೀಕರಿನ ಶಬ್ದ ಈ ದೊಡ್ಡ ಹೊಟ್ಟೆಗೆ ಹೋಗ್ತದೆ, ಹೊಟ್ಟೆ ನಡುಗಿ ಪುನಃ ಸ್ಪೀಕರಿಗೆ ಹೋಗ್ತದೆ, ಸುತ್ತಿ ಸುತ್ತಿ ಬೊಬ್ಬೆ ಆಗ್ತದೆ. ಒಂದ್ಸಲ ವೈರ್ ಹಾಕಿ ಕೇಳಿ."

"ವೈರ್ ಹಾಕಿದ್ರೆ ತಗಡಿನ ಡಬ್ಬಾನೂ ಕೂಗುತ್ತೆ. ನಿಜವಾದ ಹಣ್ಣಿಗೆ ವೈರ್ ಯಾತಕ್ಕೆ?"

"ಅಜ್ಜೀ, ಒಂದ್ಸಲ ಟ್ರೈ ಮಾಡೋಣ..." ಎಂದು ಸಮೀಕ್ಷಾ ಬಾಯಿ ತೆರೆದಳು.

"ನೀನು ಸುಮ್ನಿರು. ಇವಳು ತಂದಿರೋ ದುಡ್ಡಿಗಿಂತ ಮೇಲೆ ಬಿದ್ದಿದ್ದನ್ನ ನಾನು ಹಾಕ್ತೀನಿ ಕಣಪ್ಪಾ," ಎಂದು ಸೊಂಟದ ಚೀಲ ಬಿಚ್ಚಿದೆ. ಹಲಸಿನ ಕಾಲದಿಂದ ನನ್ನ ಜೊತೆಗಿರುವ ಚೀಲ ಅದು. ಅದು ಬಿಚ್ಚಿತೆಂದರೆ ಸಮೀಕ್ಷಾ ಮಾತಾಡುವುದಿಲ್ಲ. ಆ ತೆಳ್ಳಗಿನದನ್ನು ಒಮ್ಮೆ ನೋಡಿದಳು, ನನ್ನ ಮುಖ ನೋಡಿದಳು, ಹೂಂ ಅಂದಳು. ಅಜ್ಜಿಯ ಖುಷಿಗಾಗಿ ಹೂಂ ಅಂದವಳು ಎಂದು ಆಗ ನನಗೆಲ್ಲಿ ತಿಳಿಯಬೇಕು!

ಮೂರು ವಾರ ಮನೆಯಲ್ಲಿ ಹಬ್ಬ. ಅವಳು ಬಾರಿಸಿದರೆ ಕೆಳಗಿನ ಶುಂಠಿ ಮೂಟೆಗಳೂ ಕಿವಿಗೊಡುತ್ತಿದ್ದವು. ಪಕ್ಕದ ಮನೆಯ ಸುಮತಿ ಗೋಡೆಯಾಚೆಯಿಂದಲೇ "ನಲ್ಲ ಶಬ್ದಂ, ಚಂದ್ರಮ್ಮೇಚೀ!" ಅನ್ನುತ್ತಿದ್ದಳು. ಒಳ್ಳೆಯ ನಾದ, ಚಂದ್ರಮ್ಮಕ್ಕಾ ಅಂತ. ನಾನು, "ಆರಿಸಿದ್ದು ಯಾರು?" ಎಂದು ಕೇಳಿ, ಉತ್ತರವನ್ನೂ ನಾನೇ ಕೊಡುತ್ತಿದ್ದೆ.

ಓಪನ್ ಮೈಕ್ ನಿಗದಿಯಾಗಿದ್ದು ನವರಾತ್ರಿಯ ಮಹಾನವಮಿಯ ಸಂಜೆ. ಹಿಂದಿನ ದಿನ ಅಷ್ಟಮಿ. ಸಂಜೆ ಸುಮತಿ ತನ್ನ ಮೊಮ್ಮಗಳ ಪುಸ್ತಕಗಳನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿಕೊಂಡು ದೇವಸ್ಥಾನಕ್ಕೆ ಹೊರಟಿದ್ದಳು.

"ಎಲ್ಲಿಗೆ ಸುಮತೀ?"

"ಪೂಜೆಗೆ ವೈಕ್ಕಾನ್, ಚೇಚೀ. ಪುಸ್ತಕ, ವೀಣೆ, ಚೆಂಡೆ, ಎಲ್ಲಾ ವೈಕ್ಕುಂ."

ಪೂಜೆಗೆ ಇಡುವುದು! ಅದು ನನಗೆ ಗೊತ್ತಿಲ್ಲವೇ? ನಮ್ಮೂರಲ್ಲಿ ಆಯುಧ ಪೂಜೆಗೆ ಹಲಸು ಕೊಯ್ಯುವ ಮಚ್ಚು, ತಕ್ಕಡಿ, ಸೈಕಲ್ಲು ಎಲ್ಲ ಸಾಲಾಗಿ ಇಡುತ್ತಿದ್ದೆವು. ಕುಂಕುಮ, ಹೂವು, ಮಂಗಳಾರತಿ, ಒಂದು ಬೂದುಗುಂಬಳಕಾಯಿ ಡಬಾರ್! ಅರ್ಧ ಗಂಟೆಯಲ್ಲಿ ಸೈಕಲ್ಲು ಮತ್ತೆ ರಸ್ತೆಯಲ್ಲಿ. ಮಾರನೆಯ ದಿನ ಹಾಡುವ ಹುಡುಗಿಯ ಗಿಟಾರಿಗೆ ಒಂದು ಮಂಗಳಾರತಿ ಬೇಡವೇ? ಸಮೀಕ್ಷಾ ಆಫೀಸಿನಿಂದ ಬರುವಷ್ಟರಲ್ಲಿ ಕುಂಕುಮ ಹಚ್ಚಿಸಿ ತಂದುಬಿಡೋಣ, ಆಶ್ಚರ್ಯಪಡಲಿ ಎಂದುಕೊಂಡು ಗಿಟಾರನ್ನು ಹೆಗಲಿಗೇರಿಸಿ ಸುಮತಿಯ ಹಿಂದೆ ಹೊರಟೆ. ಎಪ್ಪತ್ತನಾಲ್ಕರ ಮುದುಕಿ, ಬೆನ್ನ ಮೇಲೆ ಗಿಟಾರು. ಬೀದಿಯ ನಾಯಿಗಳೂ ದಾರಿ ಬಿಟ್ಟವು!

ದೇವಸ್ಥಾನದವರು ಗಿಟಾರನ್ನು ಪ್ರೀತಿಯಿಂದ ತೆಗೆದುಕೊಂಡರು. ಪುಸ್ತಕಗಳ ಗುಡ್ಡದ ಪಕ್ಕ, ಎರಡು ಚೆಂಡೆಗಳ ನಡುವೆ ಮಲಗಿಸಿದರು. ನನ್ನ ಕೈಗೊಂದು ಚೀಟಿ: ನೂರ ಹದಿನಾಲ್ಕು. ಪೂಜೆ ಆಯಿತು. ನಾನು ಚೀಟಿ ಹಿಡಿದು ಮೊದಲ ಸಾಲಿನಲ್ಲೇ ಕಾದೆ. ಜನ ಕರಗಿದರು. ತಿರುಮೇನಿ, ಅಂದರೆ ಅರ್ಚಕರು, ಬಂದು ಬಾಗಿಲೆಳೆದು ಬೀಗ ಹಾಕಿದರು.

"ಸ್ವಾಮೀ, ನನ್ನ ಗಿಟಾರು?" ಎಂದು ಚೀಟಿ ತೋರಿಸಿದೆ.

"ಮಟ್ಟನ್ನಾಳ್ ರಾವಿಲೆ," ಅಂದರು. ನಾಡಿದ್ದು ಬೆಳಿಗ್ಗೆ!

ನನ್ನ ಎದೆ 'ಬೊಂ' ಅಂದಿತು. ಸುಮತಿ ಕೈ ಬಾಯಿ ಎರಡೂ ಆಡಿಸಿ ಬಿಡಿಸಿ ಹೇಳಿದಳು. ಇಲ್ಲಿ ಅಷ್ಟಮಿಗೆ ಇಟ್ಟದ್ದನ್ನು ವಿಜಯದಶಮಿಯ ಬೆಳಿಗ್ಗೆಯವರೆಗೆ ಮುಟ್ಟುವ ಹಾಗಿಲ್ಲ. ಅಲ್ಲಿಯವರೆಗೆ ಅದು ಸರಸ್ವತಿಯ ಸ್ವತ್ತು.

"ಮೊದಲೇ ಹೇಳಬಾರದಿತ್ತೇನೇ?"

"ಇದು ಎಲ್ಲಾರಿಗೂ ಅರಿಯುನ್ನದಲ್ಲೇ ಚೇಚೀ!" ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಅಂತ.

ನಾನು ತಿರುಮೇನಿಯವರ ಮುಂದೆ ಕೈಮುಗಿದೆ. ಕನ್ನಡ, ಮಲಯಾಳ, ಕಣ್ಣೀರು, ಮೂರನ್ನೂ ಬಳಸಿದೆ. ಅವರು ನಗುತ್ತಲೇ ಮಲಯಾಳದಲ್ಲಿ ಹೇಳಿದ್ದು ಇಷ್ಟು: "ಅಮ್ಮೂಮ್ಮಾ, ಒಳಗೆ ಇನ್ನೂರು ಮಕ್ಕಳ ಲೆಕ್ಕದ ಪುಸ್ತಕ ಇವೆ. ಇವತ್ತಿನವರೆಗೆ ಒಂದು ಮಗುವೂ ಬೇಗ ವಾಪಸ್ ಕೊಡಿ ಅಂದಿಲ್ಲ. ನೀವೇ ಮೊದಲು!"

ಮನೆಗೆ ಬಂದು ಕೂತೆ. ಸಮೀಕ್ಷಾ ಬಂದಳು, ಚೀಲ ಇಳಿಸಿದಳು, ಮೂಲೆ ನೋಡಿದಳು.

"ಅಜ್ಜೀ, ಗಿಟಾರ್ ಎವಿಡೆ?"

"ಕಾಫಿ ಕುಡೀತೀಯಾ?"

"ಗಿಟಾರ್ ಎಲ್ಲಿ ಅಜ್ಜಿ?"

"ದೇವಸ್ಥಾನದಲ್ಲಿ."

"ದೇವಸ್ಥಾನದಲ್ಲಾ? ಯಾವಾಗ ತರ್ತೀಯ?"

"ತಗೋ, ಮೊದಲು ಪ್ರಸಾದ ತಗೋ."

"ಅಜ್ಜೀ!"

"ನಾಡಿದ್ದು," ಎಂದೆ ಪ್ರಸಾದದ ಕಡೆಗೆ ನೋಡುತ್ತಾ.

ಅವಳು ಕೂಗಿದ್ದರೆ ಚೆನ್ನಾಗಿತ್ತು. ಕೂಗಲಿಲ್ಲ. ಖಾಲಿ ಮೂಲೆಯ ಮುಂದೆ ಕುಳಿತಳು. ತಿರುವನಂತಪುರದಿಂದ ಬಂದ ದಿನ ಇದ್ದ ಮುಖವೇ ಮತ್ತೆ ಬಂತು. "ಪರವಾಗಿಲ್ಲ ಅಜ್ಜಿ. ನಂಗೆ ಇದು ಆಗಿಬರಲ್ಲ ಅನ್ಸುತ್ತೆ," ಅಂದಳು. ಮೂವತ್ತೊಂದು ವರ್ಷದ ವ್ಯಾಪಾರದಲ್ಲಿ ಒಂದು ಕೊಳೆತ ಹಣ್ಣನ್ನೂ ಯಾರಿಗೂ ಕೊಟ್ಟವಳಲ್ಲ ನಾನು. ನನ್ನ ಮೊಮ್ಮಗಳಿಗೇ ಕೊಟ್ಟೆನಲ್ಲ!

ನವಮಿಯ ಬೆಳಿಗ್ಗೆ ಇಸ್ಮಾಯಿಲ ಅಂಗಡಿಯ ಬಾಗಿಲು ಎತ್ತುವಾಗ ನಾನು ಅದರಡಿಯಿಂದಲೇ ನುಗ್ಗಿದೆ. ಎಲ್ಲ ಹೇಳಿದೆ. ಅವನು ಕೌಂಟರಿಗೆ ತಲೆಯಿಟ್ಟು ಐದು ನಿಮಿಷ ನಕ್ಕ.

"ಎಂತ ಅಮ್ಮ ನೀವು! ಸೀದಾ ದೇವರಿಗೇ ಕೊಟ್ಟು ಬಂದದ್ದಾ?"

"ನಗಬೇಡ ಕಣಪ್ಪಾ. ಸಂಜೆಗೆ ಒಂದು ಗಿಟಾರು ಕೊಡು. ಎರವಲು. ನಾಳೆ ತಂದುಕೊಡ್ತೀನಿ."

"ಯಾವುದು ಕೊಡ್ಲಿ? ತಟ್ಟಿ ನೋಡ್ತೀರಾ?"

ನಾನು ಎರಡೂ ಕೈಗಳನ್ನು ಸೆರಗಿನೊಳಗೆ ಕಟ್ಟಿಕೊಂಡೆ. ಅವನು ಗೋಡೆಯಿಂದ ಅದನ್ನೇ ಇಳಿಸಿದ. ಎಳೆಗಾಯಿ! ಬಾಗಿದ ಹೆಗಲು, ಗೀರು, ಬೆನ್ನಿಗಂಟಿದ ಹೊಟ್ಟೆ. "ಇದು ಇನ್ನೂ ಇಲ್ಲೇ ಉಂಟು. ಹಸು ಮುಟ್ಟದಿದ್ರೆ ಮನುಷ್ಯರು ಮುಟ್ಲಿ," ಎಂದು ಹೊಸ ಬ್ಯಾಟರಿಯನ್ನೂ ಹಾಕಿಕೊಟ್ಟ.

ಮನೆಯಲ್ಲಿ ಹೊಸ ಪೇಚು ಹುಟ್ಟಿತು. ನವಮಿಯ ದಿನ ವಾದ್ಯ ನುಡಿಸಬಹುದೇ? ಸುಮತಿಯ ಎದುರು ಧರ್ಮಪೀಠ ಸೇರಿತು. ಅವಳು ಮೂಗಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಯೋಚಿಸಿದಳು. ಪೂಜೆಗೆ ಇಟ್ಟ ಗಿಟಾರು ಪೂಜೆಯಲ್ಲಿದೆ. ಇದು ಇಸ್ಮಾಯಿಲನ ಗಿಟಾರು. ಅವನು ಪೂಜೆಗೆ ಇಟ್ಟಿಲ್ಲ. ಆದ್ದರಿಂದ ಇದಕ್ಕೆ ರಜೆ ಇಲ್ಲ! ತೀರ್ಪು ಬಂದ ಮೇಲೆ ಸಮೀಕ್ಷಾ ಮೊದಲ ಸಲ ನಕ್ಕಳು. ಗಿಟಾರನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅದು ಅವಳ ತೋಳಿನಡಿ ಎಷ್ಟು ಸಲೀಸಾಗಿ ಕೂತಿತೆಂದರೆ, ನನಗೆ ಸ್ವಲ್ಪ ಹೊಟ್ಟೆಯುರಿಯಿತು.

ಸಂಜೆ ಕಾಫಿ ಅಂಗಡಿ ತುಂಬಿತ್ತು. ಮೇಲೆ ಹಳೆಯ ತಗಡಿನ ಮಾಡು, ಗೋಡೆಯಲ್ಲಿ ಇನ್ನೂ ಮೆಣಸಿನ ಘಾಟು. ನಾನು ಸ್ಪೀಕರು, ವೈರು, ಗುಂಡಿಗಳ ಡಬ್ಬಿ, ಎಲ್ಲದರ ಹತ್ತಿರ ಹೋಗಿ ಇಣುಕಿ ಬಂದು ಸುಮತಿಯ ಪಕ್ಕ ಮುಂದಿನ ಕುರ್ಚಿಯಲ್ಲಿ ಕೂತೆ. ಸಮೀಕ್ಷಾಳಿಗಿಂತ ಮೊದಲು ಚಿರಾಗ್ ಎಂಬ ಕಾಲೇಜು ಹುಡುಗನ ಸರದಿ. ಅವನ ಗಿಟಾರು ನೋಡಿ ನಾನು ಕುರ್ಚಿಯಿಂದ ಅರ್ಧ ಎದ್ದೆ. ತುಂಬಿದ ಹೊಟ್ಟೆ, ಜೇನಿನ ಬಣ್ಣ! ನನ್ನ ಹಣ್ಣಿನ ಒಡಹುಟ್ಟು!

"ಈಗ ನೋಡು," ಎಂದು ಸುಮತಿಯ ತೊಡೆ ತಟ್ಟಿದೆ.

ಚಿರಾಗ್ ವೈರ್ ಸಿಕ್ಕಿಸಿದ. ತಂತಿ ಮೀಟಿದ. ಗೂಂ... ಊಂ... ಕೂಂಯ್ಯ್ಯ್! ತಗಡಿನ ಮಾಡೇ ಎದ್ದುಹೋಗುವಂಥ ಊಳು! ಜನ ಕಿವಿ ಮುಚ್ಚಿಕೊಂಡರು. ಯಾರದೋ ಕಾಫಿ ಚೆಲ್ಲಿತು. ಒಬ್ಬ ಓಡಿಬಂದು ಗುಂಡಿ ತಿರುಗಿಸಿದ. ಇನ್ನೊಬ್ಬ ಗಿಟಾರಿನ ತೂತಿಗೆ ಪೇಪರ್ ತಟ್ಟೆ ಅಡ್ಡ ಹಿಡಿದ. ಸುತ್ತಿ ಸುತ್ತಿ ಬೊಬ್ಬೆ! ಇಸ್ಮಾಯಿಲ ಹೇಳಿದ ಒಂದೊಂದು ಮಾತೂ ನನ್ನ ಕಿವಿಯಲ್ಲೇ ಕೂಗಿಕೊಂಡು ಹೋಯಿತು. ಪಾಪದ ಹುಡುಗ ಕೊನೆಗೆ ಗಿಟಾರು ಬದಿಗಿಟ್ಟು ಬರಿಬಾಯಲ್ಲಿ ಹಾಡಿ ಇಳಿದ. ನಾನು ಮಾತ್ರ ಬೆವರುತ್ತಾ ಕೂತಿದ್ದೆ. ನಿನ್ನೆ ಆ ಬಾಗಿಲಿಗೆ ಬೀಗ ಬೀಳದಿದ್ದರೆ ಈಗ ಅಲ್ಲಿ ನಿಲ್ಲಬೇಕಾದವಳು ಯಾರು?

ಸಮೀಕ್ಷಾ ಹತ್ತಿದಳು. ಕಡ್ಡಿಯಂಥ ಗಿಟಾರು, ಕಡ್ಡಿಯಂಥ ಹುಡುಗಿ. ವೈರ್ ಸಿಕ್ಕಿಸಿದಳು. ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಮೈಕಿನ ಹತ್ತಿರ ಬಂದು, ಹಾಡುವ ಬದಲು ಕೇಳಿದಳು: "ಹಿಂದೆ... ಕೇಳ್ಕಾಮೋ?"

ಹಿಂದಿನ ಸಾಲಿನಿಂದ ಹತ್ತು ಗಂಟಲು ಒಟ್ಟಿಗೆ: "ಕೇಳ್ಕಾಂ!"

ಆಮೇಲೆ ಹಾಡಿದಳು. ಗಿಟಾರು ಎಲ್ಲೂ ಕೂಗಲಿಲ್ಲ, ಎಲ್ಲೂ ಅಡಗಲಿಲ್ಲ. ಒಂದೊಂದು ತಂತಿಯೂ ತೊಳೆ ಬಿಡಿಸಿಟ್ಟ ಹಾಗೆ ಬೇರೆ ಬೇರೆಯಾಗಿ ಕೇಳಿಸಿತು. ಚಾಡಿ ಹೇಳುವ ಪಟ್ಟಿ ಎಷ್ಟು ಚಂದ ಹೇಳುತ್ತಿತ್ತು! ಅರ್ಧ ಕನ್ನಡ, ಅರ್ಧ ಮಲಯಾಳದ ಹಾಡು. ಕೊನೆಗೆ ಒಂದು ಸಾಲು ಬಂತು: "ಬನ್ನಿರಣ್ಣ, ನಿಲ್ಲಿರಣ್ಣ, ಜೇನು ತೊಟ್ಟಿಕ್ಕೋ ತೊಳೆ ಐತೆ!" ರಸ್ತೆ ಬದಿಯಲ್ಲಿ ನಾನು ಕೂಗುತ್ತಿದ್ದ ಕೂಗು! ಅವಳು ಮಗುವಾಗಿದ್ದಾಗ ರಜೆಗೆ ಬಂದು ಹಣ್ಣಿನ ರಾಶಿಯ ಪಕ್ಕ ಕೂತು ಕೇಳಿದ್ದು. ನನ್ನ ಕೂಗಿಗೆ ಇಷ್ಟು ಜನ ಒಟ್ಟಿಗೆ ನಿಂತದ್ದು ಅದೇ ಮೊದಲು.

ಹಿಂದಿನಿಂದ ಯಾರೋ ಬಗ್ಗಿದರು. ಇಸ್ಮಾಯಿಲ! ತನ್ನ ಗಿಟಾರು ನೋಡಿಕೊಳ್ಳಲು ಬಂದಿದ್ದ.

"ಎಂತ ಅಮ್ಮ, ಎಳೆಗಾಯಿ ಹೇಗುಂಟು?"

"ಬಾಯಿ ಮುಚ್ಕೊಂಡು ಕಾಫಿ ಕುಡಿಯಪ್ಪಾ," ಎಂದು ಕಣ್ಣೊರೆಸಿಕೊಂಡೆ.

"ದೇವರ ಹತ್ತಿರ ಇರುವುದನ್ನು ತಂದುಕೊಡಿ. ಇದು ಮಗುವಿನ ಹತ್ತಿರವೇ ಇರ್ಲಿ. ನೀವು ಹಾಕಿದ ಮೇಲಿನ ದುಡ್ಡೂ ವಾಪಸ್ ಕೊಡ್ತೇನೆ," ಅಂದ. ಒಳ್ಳೆಯ ಮನುಷ್ಯ. ಆದರೆ ಅಷ್ಟು ನಗಬೇಕಾಗಿರಲಿಲ್ಲ.

ವಿಜಯದಶಮಿಯ ಬೆಳಿಗ್ಗೆ ಸಮೀಕ್ಷಾಳನ್ನು ಮಲಗಲು ಬಿಟ್ಟು, ಚೀಟಿ ಹಿಡಿದು ಒಬ್ಬಳೇ ಹೋದೆ. ಅಂದು ಅಲ್ಲಿ ವಿದ್ಯಾರಂಭ. ಮೂರು ವರ್ಷದ ಮಕ್ಕಳ ದೊಡ್ಡ ಸಾಲು. ತಿರುಮೇನಿ ಒಬ್ಬೊಬ್ಬರ ಬೆರಳು ಹಿಡಿದು ಅಕ್ಕಿಯಲ್ಲಿ ಅಕ್ಷರ ಬರೆಸುತ್ತಿದ್ದರು, ಮಕ್ಕಳು ಒಬ್ಬೊಬ್ಬರಾಗಿ ಅಳುತ್ತಿದ್ದರು. ನನ್ನ ನಂಬರು ಕೂಗಿದರು. ಗಿಟಾರಿನ ಮೈತುಂಬ ಗಂಧ, ಕುಂಕುಮ, ಒಂದು ತುಳಸಿ ಕುಡಿ. ನಾನು ಎತ್ತಿಕೊಂಡು ಹೊರಡುವವಳಿದ್ದೆ.

"ನಿಲ್ಲಿ ಅಮ್ಮೂಮ್ಮಾ. ಪುಸ್ತಕ ಇಟ್ಟವರು ಓದಿ ಹೋಗಬೇಕು, ವಾದ್ಯ ಇಟ್ಟವರು ನುಡಿಸಿ ಹೋಗಬೇಕು," ಅಂದರು ತಿರುಮೇನಿ.

"ನಾನಾ? ಇದು ಮೊಮ್ಮಗಳದು ಸ್ವಾಮೀ!"

"ಇಟ್ಟವರು ನೀವಲ್ಲವೇ? ಕೂರಿ."

ಕೂತೆ. ಅಳುವ ಮಕ್ಕಳ ಸಾಲಿನಲ್ಲಿ, ಒಂದು ಮಗುವಿಗೂ ಇನ್ನೊಂದಕ್ಕೂ ನಡುವೆ. ತೊಡೆಯ ಮೇಲೆ ಗಿಟಾರು. ಯಾವ ತಂತಿ ಹೇಗೆ ಮುಟ್ಟಬೇಕೆಂದು ದೇವರಾಣೆಗೂ ಗೊತ್ತಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಸರಸ್ವತಿಯೂ! ಕೈ ತಾನಾಗಿಯೇ ತನಗೆ ಗೊತ್ತಿರುವ ಕಡೆಗೆ ಹೋಯಿತು. ಬೆರಳ ಗೆಣ್ಣಿನಿಂದ ಹೊಟ್ಟೆಯ ಮೇಲೆ ಎರಡು ಸಲ ತಟ್ಟಿದೆ.

ಬೊಂ. ಬೊಂ. ಗುಂಯ್...

ಮಂಟಪವೆಲ್ಲ ತುಂಬಿತು. ಮಕ್ಕಳ ಅಳು ಗಕ್ಕನೆ ನಿಂತಿತು. ಆ ಮೌನದಲ್ಲಿ ಪಕ್ಕದ ಪುಟ್ಟಿ, ಬೆರಳಿನ ತುದಿಯಲ್ಲಿ ಇನ್ನೂ ಅಕ್ಕಿ ಕಾಳು ಅಂಟಿದವಳು, ಗಿಟಾರಿನ ಹತ್ತಿರ ಬಗ್ಗಿ ತುಂಬಾ ಕುತೂಹಲದಿಂದ ಕೇಳಿದಳು: "ಅಮ್ಮೂಮ್ಮೇ, ಚಕ್ಕ ಪಳುತ್ತೋ?"

ಹಲಸು ಹಣ್ಣಾಯಿತಾ ಅಂತ!

ತಿರುಮೇನಿ ಅಕ್ಕಿಯ ತಟ್ಟೆ ಬಿಟ್ಟು ನಕ್ಕರು. ಸಾಲಿಗೆ ಸಾಲೇ ನಕ್ಕಿತು. ನಾನು ಆ ಮಗುವಿಗೆ ಸುಳ್ಳು ಹೇಳಲಾರದೆ, ಅದೇ ಗೆಣ್ಣಿನಿಂದ ನನ್ನ ನೆತ್ತಿಯ ಮೇಲೆ ಒಂದು ಸಲ ತಟ್ಟಿಕೊಂಡು ಕಿವಿಗೊಟ್ಟೆ.

ಟಣ್!